ಓಡಿಹೋದವಳ ಓಟ

"ಅಪ್ಪ ಏನೂ ಅನ್ನಲ್ಲ, ಸುಮ್ನೆ ಬಾರೇ" ಎಂದು ನಮ್ಮಣ್ಣ ಬೋರಣ್ಣ ಚಿಕ್ಕಜಾಜೂರಿನವರೆಗೂ ಬಂದು ಕರೆದು ಹೋಗಿದ್ದ. ಅವನ ಮಾತು ಸುಳ್ಳಾಗಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಸುಳ್ಳಾಗಲಿಲ್ಲ. ಅಪ್ಪ ನಿಜವಾಗಿಯೂ ಏನೂ ಅನ್ನಲಿಲ್ಲ. ಏಳು ವರ್ಷದ ಮೇಲೆ ತವರಿನ ಹೊಸಿಲು ತುಳಿದ ಮಗಳಿಗೆ ಬಾ ಅನ್ನಲಿಲ್ಲ, ಯಾಕೆ ಬಂದೆ ಅನ್ನಲಿಲ್ಲ, ಹಾಳಾಗಿ ಹೋಗು ಅಂತಲೂ ಅನ್ನಲಿಲ್ಲ. ಬೈದಿದ್ದರೆ ಎದುರುತ್ತರ ಕೊಡಬಹುದಿತ್ತು. ಏನೂ ಅನ್ನದವರ ಹತ್ತಿರ ಏನಂತ ಜಗಳ ಆಡುವುದು?

ಹೊರಟ ಗಳಿಗೆಯೇ ಸರಿ ಇರಲಿಲ್ಲ ಅಂತ ಕಾಣುತ್ತದೆ. ನನ್ನ ಗಂಡ ಕಾಟಲಿಂಗಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಅವನಿಗೆ ಶನಿವಾರ, ಭಾನುವಾರ ಒಟ್ಟಿಗೆ ರಜೆ ಸಿಗುವುದೇ ಅಪರೂಪ. ಸಿಕ್ಕ ಎರಡು ದಿನದಲ್ಲಿ ಒಂದು ದಿನ ದಾರಿಯಲ್ಲೇ ಹಾಳಾಯಿತು. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ರೈಲು, ದುರ್ಗದಿಂದ ಹಿರಿಯೂರಿಗೆ ಬಸ್ಸು, ಹಿರಿಯೂರಿನಿಂದ ನಮ್ಮೂರು ಜವನಗೊಂಡನಹಳ್ಳಿಗೆ ಇನ್ನೊಂದು ಬಸ್ಸು. ಆ ಕೊನೆಯ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಮುದುಕಿ ಎಲೆ ಅಡಿಕೆ ಚೀಲ ಬಿಚ್ಚುತ್ತ ಮಾತು ತೆಗೆದಳು.

"ತವರಿಗೆ ಹೊಂಟೀಯೇನವ್ವ? ನಿನ್ನ ಎಲ್ಲಿಗೆ ಕೊಟ್ಟೈತೆ?"

ನಮ್ಮ ಕಡೆ ಮದುವೆಯಾದ ಹೆಣ್ಣನ್ನು ಕೇಳುವ ಮೊದಲ ಪ್ರಶ್ನೆ ಅದು. ಹೆಸರು ಕೇಳುವುದೆಲ್ಲ ಆಮೇಲೆ. ನನ್ನನ್ನು ಯಾರೂ ಎಲ್ಲಿಗೂ ಕೊಟ್ಟಿರಲಿಲ್ಲ. ನಾನೇ ಹೋದವಳು. ಹಿಂದಿನ ಸೀಟಿನಿಂದ ನನ್ನ ಗಂಡ ಮೂಗು ತೂರಿಸಿ, "ಚಿಕ್ಕಜಾಜೂರಾಗೆ ಇರ್ತೀವಿ ಅಜ್ಜಿ" ಎಂದ.

"ಇರೋ ಊರು ಕೇಳಿಲ್ಲ ಕಣಪ್ಪ, ಕೊಟ್ಟಿರೋ ಊರು ಕೇಳಿದ್ದು" ಎಂದಳು ಅಜ್ಜಿ. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ನಡೆದದ್ದು ಇಷ್ಟೇ. ದುರ್ಗದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಹೊಲಿಗೆ ಕಲಿಯುತ್ತಿದ್ದಾಗ ಪಕ್ಕದ ಓಣಿಯ ಕಾಟಲಿಂಗಪ್ಪನನ್ನು ಮೆಚ್ಚಿದೆ. ಅವರ ಜಾತಿ ಬೇರೆ, ನಮ್ಮ ಜಾತಿ ಬೇರೆ. ಊರಿಗೆ ಬಂದು ಅಪ್ಪನಿಗೆ ಹೇಳಿದೆ. ಆಗಲ್ಲ ಎಂದರು. ಇನ್ನೊಮ್ಮೆ ಹೇಳಿದೆ. ಆಗಲ್ಲ ಎಂದರು. ಆಮೇಲೆ ಒಂದು ದಿನ ಹಾಡುಹಗಲು ಊರ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಕೈ ಅಡ್ಡ ಹಾಕಿ ಬಸ್ಸು ನಿಲ್ಲಿಸಿ, ಟಿಕೆಟ್ ತಗೊಂಡು, ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಹೋದೆ. ಆದರೂ ಊರಿನ ಬಾಯಲ್ಲಿ ನಾನು 'ಓಡಿಹೋದವಳು'. ಕೂತು ಹೋದವಳನ್ನು ಓಡಿಹೋದಳು ಎನ್ನುವ ಈ ಜನಕ್ಕೆ ಓಡುವುದು ಅಂದರೆ ಏನು ಅಂತಲೇ ಗೊತ್ತಿಲ್ಲ.

ಗೊತ್ತಿದ್ದವರು ಆ ಊರಲ್ಲಿ ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬರು ನನಗೆ ಓಡುವುದು ಕಲಿಸಿದ ನಮ್ಮಪ್ಪ, ಡ್ರಿಲ್ ಮೇಷ್ಟ್ರು ಮುರುಗಪ್ಪ.

ಬೆಳಕು ಹರಿಯುವ ಮೊದಲೇ ಎಬ್ಬಿಸಿ ಶಾಲೆಯ ಬಯಲಿಗೆ ಕರೆದುಕೊಂಡು ಹೋಗುತ್ತಿದ್ದರು. ಬಾಯಲ್ಲಿ ಪೀಪಿ, ಕೈಯಲ್ಲಿ ಹುಣಸೆ ಬರಲು, ಬೆತ್ತದಂಥ ಸಣ್ಣ ಕಡ್ಡಿ. ಗೆರೆ ಮುಟ್ಟಿದರೆ ಕಾಲ್ಬೆರಳಿನ ಮೇಲೆ ಒಂದು ಪೆಟ್ಟು. "ಶುರುವಿಗೇ ಉಸಿರು ಖರ್ಚು ಮಾಡಬ್ಯಾಡ ಚಂದ್ರಿ! ಮೂಗಾಗೆ ತಗ, ಬಾಯಾಗೆ ಬಿಡು!" ಊರಿನವರು ಹೆಣ್ಣು ಹುಡುಗಿಗೆ ಇದೆಲ್ಲ ಯಾಕೆ ಮೇಷ್ಟ್ರೇ ಎಂದು ನಕ್ಕರೆ, ಅಪ್ಪ ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಜಿಲ್ಲಾ ಕ್ರೀಡಾಕೂಟದಲ್ಲಿ ನಾನು ಹಿತ್ತಾಳೆಯ ಕಪ್ಪು ಗೆದ್ದ ದಿನ ದುರ್ಗದಿಂದ ಊರಿನ ತನಕ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದವರು ಅವರು.

ಅಂಥ ಮನುಷ್ಯ ಶನಿವಾರ ಸಂಜೆ ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದರು. ನಾವು ಒಳಗೆ ಬಂದೆವು. ಪೇಪರು ಇಳಿಸಿ, ನನ್ನ ತಲೆಯ ಮೇಲಿನ ಗೋಡೆಯನ್ನು ನೋಡಿ, ಅಡುಗೆ ಮನೆಯಲ್ಲಿದ್ದ ಅವ್ವನನ್ನು ಕೂಗಿದರು: "ಏಕಾಂತೂ, ನೆಂಟ್ರು ಬಂದವ್ರೆ. ಕಾಲಿಗೆ ನೀರು ಕೊಡು."

ನೆಂಟರಂತೆ!

ಅವ್ವ ಮಂಡಿ ನೋವಿನ ಕಾಲನ್ನು ಎಳೆದುಕೊಂಡು ಬಂದು ನನ್ನ ಮುಖವನ್ನೆಲ್ಲ ಕೈಯಿಂದ ಸವರಿ ಅತ್ತಳು. ನನಗೂ ಅಳು ಬರುತ್ತಿತ್ತು, ಆದರೆ ಸಿಟ್ಟು ಅದಕ್ಕಿಂತ ಮೊದಲೇ ಬಂದು ಕೂತಿತ್ತು. ಅತ್ತಿಗೆ ಮಲ್ಲಕ್ಕ ಚೆಂಬಿನಲ್ಲಿ ನೀರು ತಂದಳು. ಅಪ್ಪ ನನ್ನ ಗಂಡನಿಗೆ ಕುರ್ಚಿ ಎಳೆದು ಕೊಟ್ಟು, "ಕುಂತ್ಕಳ್ರಿ ಕಾಟಲಿಂಗಪ್ಪನೋರೇ. ನಿಮ್ಮ ಜಂಕ್ಷನ್ನಾಗೆ ಗಾಡಿಗಳು ಟೈಮಿಗೆ ಸರಿಯಾಗಿ ಬರ್ತಾವಾ?" ಎಂದು ಶುರು ಮಾಡಿದರು.

ನನ್ನ ಗಂಡನಿಗೆ ಅಷ್ಟು ಸಾಕು. ರೈಲಿನ ವಿಷಯ ಕೇಳಿದವರಿಗೆ ಪ್ರಾಣ ಬೇಕಾದರೂ ಕೊಡುತ್ತಾನೆ. ಇಂಜಿನ್ನು, ಪಾಯಿಂಟು, ಸಿಗ್ನಲ್ಲು ಅಂತ ಇಬ್ಬರೂ ಹಳೇ ಸ್ನೇಹಿತರಂತೆ ಮಾತಿಗೆ ಕೂತರು. ಕದ್ದುಕೊಂಡು ಹೋದ ಅಂತ ಯಾರ ಮೇಲೆ ಸಿಟ್ಟಿರಬೇಕೋ ಅವನ ಹತ್ತಿರ ನಗುನಗುತ್ತ ಮಾತು, ಹೆತ್ತ ಮಗಳ ಹತ್ತಿರ ಬಾಯಿಗೆ ಬೀಗ. ಊಟಕ್ಕೆ ಕೂತಾಗ ನನ್ನ ತಟ್ಟೆಯ ಕಡೆ ಕೈ ತೋರಿಸಿ ಅವ್ವನಿಗೆ ಹೇಳಿದರು: "ಅವರಿಗೆ ಇನ್ನೊಂಚೂರು ಸಾರು ಬಿಡು."

"ನನಗೇನೂ ಬ್ಯಾಡ" ಎಂದೆ ಜೋರಾಗಿ.

"ಅವರಿಗೆ ಸಾಕಂತೆ" ಎಂದರು ಅಪ್ಪ, ಅವ್ವನಿಗೇ.

ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಗಂಡನನ್ನು ತರಾಟೆಗೆ ತಗೊಂಡೆ. ಆ ಪುಣ್ಯಾತ್ಮ, "ನಿಮ್ಮಪ್ಪ ಭಾಳ ಒಳ್ಳೇರು ಕಣೆ. ನೀನು ಹೇಳಿದಂಗೇನಿಲ್ಲ" ಎಂದ. ನನ್ನ ಪಿತ್ತ ನೆತ್ತಿಗೇರಿತು.

ಅಲ್ಲೇ ಹಿತ್ತಿಲ ಗೋಡೆಯ ಗೂಡಿನಲ್ಲಿ ನನ್ನ ಕಪ್ಪು ಕಂಡಿತು. ಜಿಲ್ಲೆಗೆಲ್ಲ ಮೊದಲು ಬಂದು ಗೆದ್ದ ಕಪ್ಪಿನಲ್ಲಿ ಅಪ್ಪನ ಶೇವಿಂಗ್ ಬ್ರಶ್ಶು ನಿಂತಿತ್ತು. "ನೋಡು, ನೋಡು ಇವರ ಉಪಕಾರ!" ಎಂದು ತಿಕ್ಕಲು ಪಾತ್ರೆ ತಂದ ಮಲ್ಲಕ್ಕನಿಗೆ ತೋರಿಸಿದೆ.

"ಅದನ್ನ ನಾವ್ಯಾರೂ ಮುಟ್ಟಂಗಿಲ್ಲವ್ವ" ಎಂದಳು ಅವಳು. "ಹುಣಸೆಹಣ್ಣು ಹಾಕಿ ಮಾವನೇ ಉಜ್ಜೋದು."

ಪಾತ್ರೆ ತಿಕ್ಕುತ್ತ ಮಲ್ಲಕ್ಕ ತನ್ನ ದುಃಖ ಬಿಚ್ಚಿದಳು. ಅದು ಎಪ್ಪತ್ತೈದನೇ ಇಸವಿ, ಹೆಂಗಸರ ವರ್ಷ ಅಂತ ಸರ್ಕಾರದಿಂದ ಹೇಳಿದ್ದರಂತೆ. ಹೆಂಗಸರಿಗೆ ಏನಾದರೂ ಮಾಡಿ ಎಂದು ಹಿರಿಯೂರಿನ ಬಿ.ಡಿ.ಓ. ಆಫೀಸಿನವರು ಯುವಕ ಸಂಘದವರ ತಲೆ ತಿಂದಿದ್ದರಂತೆ. ರಂಗೋಲಿ ಇಡೋಣ ಎಂದರೆ, ಅಪ್ಪ ಒಪ್ಪದೆ, ಓಟವೇ ಆಗಬೇಕು ಎಂದು ಹಟ ಹಿಡಿದರಂತೆ. ಹಾಗಾಗಿ ಮಾರನೆಯ ದಿನ ಭಾನುವಾರ ಬೆಳಿಗ್ಗೆ ಹೆಂಗಸರ ಓಟ. ಮೊದಲನೇ ಬಹುಮಾನ ಸ್ಟೀಲ್ ಬಿಂದಿಗೆ. ಆಗಿನ್ನೂ ನಮ್ಮ ಕಡೆ ಸ್ಟೀಲ್ ಬಿಂದಿಗೆ ಇದ್ದ ಮನೆಯನ್ನು ಬೆರಳು ಮಾಡಿ ತೋರಿಸುತ್ತಿದ್ದರು.

"ನಾನೂ ಓಡಾಣ ಅಂತಿದ್ದೆ" ಎಂದಳು ಮಲ್ಲಕ್ಕ. "ಮಾವನೇ ತೀರ್ಪುಗಾರರು. ತೀರ್ಪುಗಾರರ ಮನೆಯೋರು ಓಡಬಹುದು, ಆದ್ರೆ ಪ್ರೈಜು ಕೊಡಂಗಿಲ್ಲ ಅಂತ ಅವರೇ ರೂಲ್ಸು ಮಾಡಿದ್ರು. ಬಿಂದಿಗೆ ಸಿಗಲ್ಲ ಅಂದ್ಮೇಲೆ ಯಾವನಿಗೆ ಬೇಕು ಓಟ?"

"ಪ್ರೈಜು ಕೊಡೋರು ಯಾರು?"

"ಮಾವನೇ. ಮೈಕಿನಾಗೆ ಹೆಸರು ಕೂಗಿ, ಕೈಯಾರೆ ಕೊಡ್ತಾರೆ."

ಅಷ್ಟು ಕೇಳಿದ್ದೇ ತಡ, ನನ್ನ ತಲೆಯಲ್ಲಿ ಒಂದು ದೀಪ ಹತ್ತಿತು. ಮೈಕಿನಲ್ಲಿ, ಊರೆಲ್ಲ ಕೇಳುವ ಹಾಗೆ, ನನ್ನ ಹೆಸರು ಅಪ್ಪನ ಬಾಯಿಂದ ಬರಲೇಬೇಕು. ಹೇಗೆ ಬರುವುದಿಲ್ಲವೋ ನಾನೂ ನೋಡುತ್ತೇನೆ. ಮಲ್ಲಕ್ಕನ ತಾಪತ್ರಯ ನನಗಿರಲಿಲ್ಲ. ನಾನು ಆ ಮನೆಯವಳೇ ಅಲ್ಲವಲ್ಲ, ನೆಂಟಳು. ಅವರೇ ಹೇಳಿದ್ದಾರೆ.

ಬೆಳಿಗ್ಗೆ ಶಾಲೆಯ ಬಯಲಿನಲ್ಲಿ ಜಾತ್ರೆಯಷ್ಟು ಜನ. ಹೆಂಗಸರು ಓಡುವುದನ್ನು ನೋಡುವುದಕ್ಕೆ ಗಂಡಸರು ಹೊಲ ಬಿಟ್ಟು ಬಂದಿದ್ದರು. ಸಂಘದ ಕಾರ್ಯದರ್ಶಿ ಗೋವಿಂದಪ್ಪ ಹೊಸದುರ್ಗದ ಕಡೆಯವನು, ನಮ್ಮೂರಿಗೆ ಗ್ರಾಮಸೇವಕನಾಗಿ ಬಂದು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಮೈಕು ಹಿಡಿದು ರೂಲ್ಸು ಓದಿದ. ಬಯಲಿನಿಂದ ಹೊರಟು, ಕೆರೆ ಏರಿ ಹತ್ತಿ, ತೂಬಿನ ಹತ್ತಿರ ನಿಂತ ನಮ್ಮ ಬೋರಣ್ಣನಿಂದ ಅಂಗೈಗೆ ಸುಣ್ಣದ ಬೊಟ್ಟು ಇಡಿಸಿಕೊಂಡು ವಾಪಸು ಬರಬೇಕು. ಬೊಟ್ಟಿಲ್ಲದವರು ಲೆಕ್ಕಕ್ಕಿಲ್ಲ. ತೀರ್ಪುಗಾರರ ಮನೆಯವರಿಗೆ ಬಹುಮಾನವಿಲ್ಲ. ಓಡುವವರು ಮುಂದೆ ಬರ್ರಿ.

ಯಾರೂ ಬರಲಿಲ್ಲ. ಒಬ್ಬಳನ್ನೊಬ್ಬಳು ತಳ್ಳುತ್ತ, ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತ ನಿಂತರು. ನಾನು ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಗೆರೆಯ ಹತ್ತಿರ ಹೋದೆ. ನಮ್ಮ ಬೀದಿಯ ಹುಚ್ಚಕ್ಕಜ್ಜಿ ಹುಣಸೆ ಮರದ ಕಟ್ಟೆಯ ಮೇಲಿಂದಲೇ ಕೂಗಿದಳು: "ಅಯ್ಯಯ್ಯೋ, ಓಡಿಹೋದೋಳು ಓಡಾಕ್ ಬಂದವ್ಳೆ ಕಣ್ರೇ!"

ಇಡೀ ಬಯಲು ಗೊಳ್ಳೆಂದು ನಕ್ಕಿತು. ನನ್ನ ಮೈಯೆಲ್ಲ ಉರಿಯಿತು. ಗಂಡನ ಕಡೆ ನೋಡಿದೆ. ಅವನು ಕಡಲೆಕಾಯಿ ಬಿಡಿಸಿ ತಿನ್ನುತ್ತ ನನಗೆ ಕೈ ಬೀಸಿದ. ಅಪ್ಪ ಮೇಜಿನ ಹತ್ತಿರ ನಿಂತು ಪೀಪಿಯನ್ನು ಪಂಚೆಯ ತುದಿಯಿಂದ ಒರೆಸುತ್ತಿದ್ದರು, ಅದಕ್ಕಿಂತ ಘನವಾದ ಕೆಲಸ ಲೋಕದಲ್ಲಿ ಇಲ್ಲವೇನೋ ಅನ್ನುವ ಹಾಗೆ.

"ನಿಮ್ಮ ಹೆಸರೇನಮ್ಮ? ಯಾವೂರು?" ಎಂದು ಗೋವಿಂದಪ್ಪ ಕೇಳಿದ.

"ಚಂದ್ರಕ್ಕ. ಚಿಕ್ಕಜಾಜೂರು" ಎಂದೆ, ಅಪ್ಪನಿಗೆ ಕೇಳುವಷ್ಟು ಜೋರಾಗಿ. ಪೀಪಿ ಒರೆಸುವುದು ನಿಲ್ಲಲಿಲ್ಲ.

ನಾನು ನಿಂತ ಮೇಲೆ ಉಳಿದವರಿಗೆ ಧೈರ್ಯ ಬಂತು. ಏಳೆಂಟು ಜನ ಬಂದು ಸಾಲಾಗಿ ನಿಂತರು. ನನ್ನ ಪಕ್ಕಕ್ಕೆ ಬಂದವಳು ಹಟ್ಟಿಯ ಜುಂಜಮ್ಮ. ದಿನವೆಲ್ಲ ಗುಡ್ಡದಲ್ಲಿ ಕುರಿಯ ಹಿಂದೆ ಓಡುವವಳು, ಕಾಲಲ್ಲಿ ಒಂದು ತೊಲದಷ್ಟೂ ಕೊಬ್ಬಿಲ್ಲ. ಅವಳನ್ನು ನೋಡಿ ನನ್ನ ಎದೆ ಸ್ವಲ್ಪ ಅಳುಕಿತು. ಏಳು ವರ್ಷ ರೈಲ್ವೆ ಕ್ವಾಟ್ರಸಿನಲ್ಲಿ ಹೊಲಿಗೆ ಮಿಷನ್ನು ತುಳಿದದ್ದು ಬಿಟ್ಟರೆ ನನ್ನ ಕಾಲಿಗೆ ಬೇರೆ ಕೆಲಸವಿರಲಿಲ್ಲ.

ಅಪ್ಪ ಹುಣಸೆ ಬರಲು ಹಿಡಿದು ಸಾಲಿನ ಉದ್ದಕ್ಕೂ ಬಂದರು. "ಹಿಂದಕ್ಕೆ ಸರಿಯವ್ವ." "ಕಾಲು ಹಿಂದೆ ಇಡು ಜುಂಜಮ್ಮ." ಒಬ್ಬೊಬ್ಬರ ಹೆಸರು ಹಿಡಿದು ಹೇಳಿದರು. ನಾನು ಬೇಕೆಂದೇ ಹೆಬ್ಬೆರಳನ್ನು ಗೆರೆಯ ಮೇಲೆ ಇಟ್ಟುಕೊಂಡು ನಿಂತೆ. ಹೊಡೆಯಲಿ ನೋಡೋಣ. ಒಂದು ಪೆಟ್ಟು ಬಿದ್ದರೂ ಸಾಕು, ಅದೂ ಮಾತೇ.

ಅಪ್ಪ ನನ್ನ ಮುಂದೆ ಬಂದು ನಿಂತರು. ನನ್ನ ಹೆಬ್ಬೆರಳನ್ನೇ ನೋಡಿದರು. ಬರಲು ಸ್ವಲ್ಪ ಮೇಲೆ ಹೋಗಿ, ಅಲ್ಲೇ ನಿಂತು, ಕೆಳಗೆ ಇಳಿಯಿತು. ಆಮೇಲೆ ಹಿಂದೆ ತಿರುಗಿ ಹೇಳಿದರು: "ಗೋವಿಂದಪ್ಪ, ಆ ಚಿಕ್ಕಜಾಜೂರಿನೋರಿಗೆ ಗೆರೆ ಬಿಟ್ಟು ನಿಲ್ಲಾಕೆ ಹೇಳ್ರಿ."

ಪೀಪಿ ಊದಿದ್ದು ಕೇಳಿದ್ದಷ್ಟೇ ಗೊತ್ತು. ಕಣ್ಣು ಕತ್ತಲೆ ಬರುವಷ್ಟು ಸಿಟ್ಟಿನಲ್ಲಿ ಓಡಿದೆ. ಓಟವಲ್ಲ ಅದು, ಯಾರನ್ನೋ ಹೊಡೆಯಲು ಹೊರಟವಳ ನುಗ್ಗಾಟ. ಚಿಕ್ಕಜಾಜೂರಿನೋರಂತೆ! ನೆಂಟರಂತೆ! ಸಾರಂತೆ! ಬಯಲು ದಾಟಿ ಬೇಲಿ ಸಂದಿಗೆ ಬರುವಷ್ಟರಲ್ಲಿ ಎಲ್ಲರೂ ನನ್ನ ಹಿಂದೆ ಬಿದ್ದಿದ್ದರು. ಕೆರೆ ಏರಿ ಹತ್ತುವಷ್ಟರಲ್ಲಿ ಪಕ್ಕೆಯಲ್ಲಿ ಸೂಜಿ ಚುಚ್ಚಿದಂತಾಯಿತು. ಏರಿಯ ಮೇಲೆ ನಾಲ್ಕು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ಬಾಯಿ ಒಣಗಿ ಉಸಿರು ಸಿಗದೆ ಹೋಯಿತು. ಪಟಪಟ ಅಂತ ಬರಿಗಾಲಿನ ಸದ್ದು ಮಾಡುತ್ತ ಜುಂಜಮ್ಮ ನನ್ನನ್ನು ದಾಟಿದಳು.

"ಯಾಕಕ್ಕ, ಆಗಲೇ ಸಾಕಾತಾ?" ಎಂದು ಕೇಳಿಯೂ ಹೋದಳು. ಅಣಕವಲ್ಲ, ನಿಜವಾಗಿ ಕೇಳಿದ್ದು. ಅದೇ ಇನ್ನೂ ಉರಿಯಿತು.

ತೂಬಿನ ಹತ್ತಿರ ನಮ್ಮ ಬೋರಣ್ಣ ಸುಣ್ಣದ ಡಬ್ಬಿ ಹಿಡಿದು ನಿಂತಿದ್ದ. ಜುಂಜಮ್ಮನಿಗೆ ಚಕ್ಕನೆ ಬೊಟ್ಟಿಟ್ಟು ಕಳಿಸಿದ. ನಾನು ಕೈ ಚಾಚಿದರೆ, ಸುಣ್ಣಕ್ಕೆ ಬೆರಳು ಅದ್ದುವುದು ಬಿಟ್ಟು ನನ್ನ ಮುಖ ನೋಡುತ್ತ, "ಯಾಕೆ ಹಿಂಗೆ ಏದುಸಿರು ಬಿಡ್ತೀಯೆ? ಕುಂತ್ಕ ಒಂಚೂರು" ಎಂದ.

"ಮೊದ್ಲು ಬೊಟ್ಟಿಡೋ!" ಎಂದು ಅರಚಿದೆ. ಗಾಬರಿಯಲ್ಲಿ ಅಂಗೈಗಿಡುವ ಬೊಟ್ಟನ್ನು ಮೊಣಕೈ ತನಕ ಬಳಿದ. ಇಂಥ ಅಣ್ಣ ಯಾರಿಗೂ ಬೇಡ.

ವಾಪಸು ಬರುವಾಗ ಜುಂಜಮ್ಮ ಏರಿಯ ತುದಿಯಲ್ಲಿದ್ದಳು. ಇನ್ನು ಮುಗಿಯಿತು ಅಂದುಕೊಂಡೆ. ಬಿಂದಿಗೆ ಅವಳಿಗೆ, ಹೆಸರು ಅವಳದು, ಅಪ್ಪನ ಬಾಯಿ ಇನ್ನೇಳು ವರ್ಷ ಹಾಗೆಯೇ. ಆ ಸಂಕಟದಲ್ಲಿ ಬೇರೇನೂ ತೋಚದೆ ಹಳೆಯದನ್ನೇ ಮಾಡಿದೆ. ಮೂಗಿನಲ್ಲಿ ತಗೊಂಡೆ, ಬಾಯಲ್ಲಿ ಬಿಟ್ಟೆ. ಮೂಗಿನಲ್ಲಿ ತಗೊಂಡೆ, ಬಾಯಲ್ಲಿ ಬಿಟ್ಟೆ. ಗದ್ದ ಎತ್ತಿ ಮುಷ್ಟಿ ಸಡಿಲ ಬಿಟ್ಟೆ. ಯಾರ ಮೇಲೆ ಹಲ್ಲು ಕಡಿಯುತ್ತಿದ್ದೆನೋ ಅವರ ಪಾಠವನ್ನೇ ಮನಸ್ಸಿನಲ್ಲಿ ಹೇಳಿಕೊಂಡು ಓಡಬೇಕಾಗಿ ಬಂತಲ್ಲ ಎಂದು ಇನ್ನಷ್ಟು ಸಿಟ್ಟು. ಆದರೆ ಪಕ್ಕೆ ನೋವು ಇಳಿಯಿತು. ಕಾಲುಗಳಿಗೆ ತಮ್ಮ ಕೆಲಸ ನೆನಪಾಯಿತು.

ಜುಂಜಮ್ಮ ಕುರಿಯ ಹಿಂದೆ ಓಡುವವಳು. ಕುರಿ ನಿಂತರೆ ಅವಳೂ ನಿಲ್ಲುತ್ತಾಳೆ. ಒಂದೇ ಸಮನೆ ಓಡುವುದು ಅವಳಿಗೆ ಅಭ್ಯಾಸವಿಲ್ಲ. ಬೇಲಿ ಸಂದಿಯಲ್ಲಿ ಅವಳ ಬೆನ್ನು ಹತ್ತಿರವಾಯಿತು. ಬಯಲಿಗೆ ಬಂದಾಗ ಇಬ್ಬರೂ ಜೋಡಿ. ಜನ ಕೂಗುತ್ತಿದ್ದರು. ಜುಂಜಮ್ಮನ ಹೆಸರು ಕೂಗಿದರು. ನನ್ನ ಹೆಸರು ಯಾರಿಗೆ ನೆನಪಿದೆ? "ಓಡಿಹೋದೋಳು, ಓಡಿಹೋದೋಳು" ಅಂತಲೇ ಕೂಗಿದರು. ಕೂಗಿಕೊಳ್ಳಿ ಮಹಾರಾಯರೇ! ಎದುರಿಗೆ ದಾರದ ಒಂದು ತುದಿ ಹಿಡಿದು ಅಪ್ಪ ನಿಂತಿದ್ದರು. ಅವರನ್ನೇ ನೋಡುತ್ತ ಓಡಿದೆ. ದಾರ ನನ್ನ ಎದೆಗೆ ತಗುಲಿ ಹರಿಯಿತು.

ಜುಂಜಮ್ಮ ಬಂದು ನನ್ನ ಪಕ್ಕದಲ್ಲೇ ನೆಲಕ್ಕೆ ಬಿದ್ದು ನಕ್ಕಳು. "ನೀನು ಟಗರಾಗಿದ್ರೆ ನಾನು ಬಿಡ್ತಿರಲಿಲ್ಲ ನೋಡಕ್ಕ!" ನನಗೂ ನಗು ಬಂತು. ಆ ದಿನ ಅಲ್ಲಿಯವರೆಗೆ ನಾನು ನಕ್ಕದ್ದು ಅದೊಂದೇ ಸಲ. ಗಂಡ ಓಡಿ ಬಂದು ನೀರು ಕೊಟ್ಟ. ಅವ್ವ ದೂರದಲ್ಲಿ ಕಂಬಕ್ಕೆ ಒರಗಿ ಕೈ ಮುಗಿಯುತ್ತಿದ್ದಳು.

ಈಗ ಹೇಳಲೇಬೇಕು. ಈಗ ಎಲ್ಲಿಗೆ ಹೋಗುತ್ತಾರೆ ಎಂದುಕೊಂಡು ತಲೆಗೂದಲು ಸರಿ ಮಾಡಿಕೊಂಡು ಎದ್ದು ನಿಂತೆ.

ಗೋವಿಂದಪ್ಪ ಮೈಕನ್ನು ಅಪ್ಪನ ಬಾಯಿಯ ಹತ್ತಿರ ಸರಿಸಿದ. ಅಪ್ಪ ಬಿಂದಿಗೆ ಎತ್ತಿಕೊಂಡರು. ಬಿಸಿಲಿಗೆ ಅದು ಥಳಥಳ ಹೊಳೆಯಿತು. ಗಂಟಲು ಸರಿ ಮಾಡಿಕೊಂಡರು. ನಾನು ಒಂದು ಹೆಜ್ಜೆ ಮುಂದೆ ಇಟ್ಟೆ.

"ಮೊದಲನೇ ಬಹುಮಾನ," ಎಂದರು ಅಪ್ಪ. "ಹಟ್ಟಿ ಜುಂಜಮ್ಮ."

ಬಯಲೆಲ್ಲ ಗದ್ದಲ. "ನಾನಲ್ಲ ಮೇಷ್ಟ್ರೇ, ಆವಕ್ಕ!" ಎಂದು ಜುಂಜಮ್ಮನೇ ಕೂಗಿದಳು. ನನಗೆ ಕಿವಿಯಲ್ಲಿ ಗುಂಯ್ ಅಂತ ಸದ್ದು. ಏಳು ವರ್ಷ ನುಂಗಿದ್ದೆಲ್ಲ ಒಂದೇ ಸಲ ಬಾಯಿಗೆ ಬಂತು. ಗಂಡ ಕೈ ಹಿಡಿದ. ಕಿತ್ತುಕೊಂಡು ಮೇಜಿನ ಹತ್ತಿರ ಹೋದೆ.

"ಮೇಷ್ಟ್ರೇ!" ಎಂದೆ. ಅಪ್ಪನನ್ನು ಜೀವಮಾನದಲ್ಲಿ ಹಾಗೆ ಕರೆದವಳಲ್ಲ. "ಮೊದ್ಲು ಬಂದೋಳು ನಾನು. ದಾರ ಹಿಡಿದೋರು ನೀವು. ನನ್ನ ಹೆಸರು ಹೇಳಾಕೆ ನಿಮ್ಮ ನಾಲಿಗೆ ಏಳದಿದ್ರೆ ಬ್ಯಾಡ, ಚಿಕ್ಕಜಾಜೂರಿನೋರು ಅಂತಾನಾದ್ರೂ ಹೇಳ್ರಿ. ಗೆದ್ದೋಳನ್ನ ಸೋತೋಳು ಅಂತ ಮಾಡಬ್ಯಾಡ್ರಿ. ನಾನು ನಿಮಗೆ ಏನೂ ಅಲ್ಲ ಅಂತ ಇಡೀ ಊರಿಗೆ ಗೊತ್ತೈತೆ, ಅದಕ್ಕೆ ಸುಳ್ಳು ಬೇರೆ ಹೇಳಬೇಕಾ?"

ಗೋವಿಂದಪ್ಪ ಪಾಪ, ಅತ್ತ ಇತ್ತ ನೋಡಿ ಹೇಳಿದ: "ಹೌದು ಮೇಷ್ಟ್ರೇ, ಈಯಮ್ಮನೇ ಫಸ್ಟು. ಎಲ್ರೂ ನೋಡಿದಾರೆ."

"ಫಸ್ಟಲ್ಲ ಅಂತ ನಾನೆಲ್ಲಿ ಅಂದೆ?" ಎಂದರು ಅಪ್ಪ. "ಫಸ್ಟೇ ಬಂದವ್ಳೆ. ಆದ್ರೆ ಪ್ರೈಜು ಕೊಡಾಕೆ ಬರಲ್ಲ. ತೀರ್ಪುಗಾರರ ಮನೆಯೋರಿಗೆ ಪ್ರೈಜು ಇಲ್ಲ ಅಂತ ನೀವೇ ಓದಿದ್ರಲ್ಲ ಗೋವಿಂದಪ್ಪ."

"ಅದು ನಿಮ್ಮ ಸೊಸೆಗಲ್ವೇನ್ರಿ? ಆಯಮ್ಮ ಓಡೇ ಇಲ್ಲ. ಇವರು ಚಿಕ್ಕಜಾಜೂರಿನೋರು."

"ಚಿಕ್ಕಜಾಜೂರಿಗೆ ಕೊಟ್ಟಿರೋದು ಕಣ್ರಿ" ಎಂದರು ಅಪ್ಪ. "ನನ್ನ ಮಗಳು."

ಮೈಕು ಇನ್ನೂ ಅವರ ಬಾಯಿಯ ಹತ್ತಿರವೇ ಇತ್ತು. ಹುಣಸೆ ಮರಕ್ಕೆ ಕಟ್ಟಿದ ಸ್ಪೀಕರಿನಿಂದ ಆ ಮಾತು ಕೆರೆಯ ತನಕ ಹೋಯಿತು. ತೂಬಿನ ಹತ್ತಿರ ಇದ್ದ ಬೋರಣ್ಣನಿಗೂ ಕೇಳಿಸಿತಂತೆ, ಆಮೇಲೆ ಹೇಳಿದ.

ನನ್ನ ಬಾಯಲ್ಲಿ ಇನ್ನೂ ಎಷ್ಟೋ ಬೈಗುಳ ಉಳಿದಿದ್ದವು. ಒಂದೂ ಹೊರಗೆ ಬರಲಿಲ್ಲ. ಕೊಟ್ಟಿರೋದು. ಯಾರು ಕೊಟ್ಟರು? ಯಾವತ್ತು ಕೊಟ್ಟರು? ಏಳು ವರ್ಷ ಕೊಡದೆ ಕೂತಿದ್ದ ಮನುಷ್ಯ, ಒಂದು ಬಿಂದಿಗೆ ಕೊಡದೆ ಇರುವುದಕ್ಕಾಗಿ ಮಗಳನ್ನು ಕೊಟ್ಟರಲ್ಲ! ಅಳಬೇಕೋ, ಆ ಮೈಕನ್ನು ಕಿತ್ತು ಬಿಸಾಡಬೇಕೋ ತಿಳಿಯದೆ ನಿಂತೆ. ಕಣ್ಣೀರು ಮಾತ್ರ ನನ್ನನ್ನು ಕೇಳದೆ ಸುರಿಯಿತು. ಮುಖ ಒರೆಸಿಕೊಂಡೆ. ಮೊಣಕೈ ತನಕ ಇದ್ದ ಸುಣ್ಣವೆಲ್ಲ ಕೆನ್ನೆಗೆ ಹತ್ತಿತು.

ಅಪ್ಪ ಬಿಂದಿಗೆಯನ್ನು ಜುಂಜಮ್ಮನ ಕೈಗೆ ಕೊಟ್ಟರು. ಅವಳು ನನ್ನನ್ನೂ ಬಿಂದಿಗೆಯನ್ನೂ ನೋಡುತ್ತ ನಿಂತಳು.

"ಅದು ನಂದು" ಎಂದೆ ನಾನು. ಇಪ್ಪತ್ತೇಳು ವರ್ಷದ ಹೆಂಗಸು, ಎಂಟು ವರ್ಷದ ಹುಡುಗಿಯಂತೆ ಕೇಳಿದೆ. "ನಾನು ಗೆದ್ದಿದ್ದು. ಬಿಂದಿಗೆ ನಂದು."

ಅಪ್ಪ ನನ್ನ ಕಡೆ ತಿರುಗಿದರು. ಗೋಡೆಯನ್ನಲ್ಲ, ಗೋವಿಂದಪ್ಪನನ್ನಲ್ಲ, ನನ್ನನ್ನೇ ನೋಡಿದರು. "ರೂಲ್ಸು ಅಂದ್ರೆ ರೂಲ್ಸು ಚಂದ್ರಿ" ಎಂದರು. ಆಗಲೂ ಮೇಷ್ಟ್ರತನ ಬಿಡಲಿಲ್ಲ. "ಶುರುವಿಗೇ ಉಸಿರು ಖರ್ಚು ಮಾಡಬ್ಯಾಡ ಅಂತ ಎಷ್ಟು ಸಲ ಹೇಳಿಲ್ಲ ನಿಂಗೆ? ಏರಿ ಮ್ಯಾಲೆ ಬಾಯಿ ತಕ್ಕಂಡು ಓಡ್ತಿದ್ದೆ, ಇಲ್ಲಿಗೇ ಕಾಣ್ತಿತ್ತು."

"ಹೇಳಿ ಏಳು ವರ್ಷ ಆತು" ಎಂದೆ. "ದಿನಾ ಹೇಳಿದ್ರೆ ನೆನಪಿರ್ತಿತ್ತು."

ಅಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ನನ್ನ ಕಡೆ ಚಾಚಿದರು. "ಮುಖ ಒರೆಸ್ಕ. ಸುಣ್ಣ ಕಣ್ಣಿಗೆ ಹೋದಾತು."

ಮನೆಯ ಕಡೆ ಹೊರಟೆವು. ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಿತ್ತು, ಮಾರನೆಯ ದಿನ ಗಂಡನಿಗೆ ಡ್ಯೂಟಿ. ಅಪ್ಪ ಮುಂದೆ, ಅವರ ಹಿಂದೆ ನನ್ನ ಗಂಡ ಸಿಗ್ನಲ್ಲಿನ ಯಾವುದೋ ಕತೆ ಹೇಳುತ್ತ, ಕೊನೆಯಲ್ಲಿ ಟವೆಲ್ಲಿನಿಂದ ಮುಖ ಉಜ್ಜುತ್ತ, ಸ್ಟೀಲ್ ಬಿಂದಿಗೆ ಹೋಯಿತಲ್ಲ ಅಂತ ಗೊಣಗುತ್ತ ನಾನು. ಆ ಗೊಣಗಾಟ ನನ್ನದು ಇವತ್ತಿಗೂ ನಿಂತಿಲ್ಲ. ತವರಿಗೆ ಹೋದಾಗ ಜುಂಜಮ್ಮ ಅದರಲ್ಲಿ ನೀರು ತರುವುದನ್ನು ಕಂಡಾಗಲೆಲ್ಲ ಅದು ನನ್ನ ಬಿಂದಿಗೆ ಎಂದೇ ಹೇಳುತ್ತೇನೆ.

ಹುಣಸೆ ಮರದ ಕಟ್ಟೆಯ ಹತ್ತಿರ ಹುಚ್ಚಕ್ಕಜ್ಜಿ ಇನ್ನೂ ಕೂತಿದ್ದಳು. ಬೆಳಿಗ್ಗೆ ಬಯಲೆಲ್ಲ ಕೇಳುವಂತೆ ಕೂಗಿದ ಬಾಯಿ ಅದೇ. ಕಣ್ಣಿನ ಮೇಲೆ ಕೈ ಅಡ್ಡ ಇಟ್ಟುಕೊಂಡು, ನನ್ನನ್ನು ಮೊದಲ ಸಲ ನೋಡುವವಳಂತೆ ನೋಡಿ ಕೇಳಿದಳು.

"ಯಾರವ್ವ ಅದು? ಚಿಕ್ಕಜಾಜೂರಿಗೆ ಕೊಟ್ಟಿರೋ ಮೇಷ್ಟ್ರ ಮಗಳಲ್ವೇನೆ ನೀನು? ಯಾವಾಗ ಬಂದೆ?"

ನಿನ್ನೆ ಸಂಜೆಯೇ ಬಂದದ್ದು, ನಿನ್ನ ಬಾಗಿಲ ಮುಂದೆಯೇ ಹಾದುಹೋದದ್ದು, ನೋಡಿಯೂ ಒಳಗೆ ಹೋಗಿ ಕದ ಹಾಕಿಕೊಂಡವಳು ನೀನು ಎಂದು ಹೇಳಲು ಬಾಯಿ ತೆರೆದೆ. ಮುಂದೆ ಹೋಗುತ್ತಿದ್ದ ಅಪ್ಪ ನಿಂತು ನನಗಾಗಿ ಕಾಯುತ್ತಿದ್ದರು.

"ಈಗ ಬಂದೆ ಅಜ್ಜಿ" ಎಂದೆ.